ವ್ಯಾಯಾಮದ ಆರಂಭ: ಮೊದಲ ಎಂಟು ವಾರಗಳು

ಕಾಯಕವನ್ನು ಬದುಕಿನ ನಡುವೆ ಇರಿಸಿಕೊಂಡ ಪರಂಪರೆಯವರಿಗೆ ದೇಹಶ್ರಮದ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ಶ್ರಮದ ಸ್ವರೂಪವೇ ಇಂದು ಬದಲಾಗಿದೆ. ನಮ್ಮ ಹಿರಿಯರು ನಾಗಮಂಗಲದ ರಾಗಿ ಹೊಲಗಳಿಗೂ ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆ ಬಯಲಿಗೂ ನಡೆದೇ ಹೋಗುತ್ತಿದ್ದರು. ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗಗಳು ಹೆಣ್ಣುಮಕ್ಕಳ ತೋಳುಗಳಿಗೆ ನಿತ್ಯ ದುಡಿಮೆ ಕೊಡುತ್ತಿದ್ದವು. ಇಂದು ಉಳುಮೆಗೆ ಟ್ರ್ಯಾಕ್ಟರ್, ಹಿಟ್ಟಿಗೆ ಗಿರಣಿ, ನೀರಿಗೆ ಮೋಟಾರು, ಜಮೀನಿಗೆ ಹೋಗಲು ಬೈಕು ಬಂದಿವೆ. ಕಷ್ಟ ಕಡಿಮೆಯಾದುದು ಸಂತೋಷವೇ. ಊಟ ಮಾತ್ರ ಹಿಂದಿನಷ್ಟೇ ಉಳಿದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ.

ದೇಹದ ಚಲನೆಗೂ ಹೃದಯಕ್ಕೂ ಇರುವ ನಂಟನ್ನು ಮೊದಲು ಸ್ಪಷ್ಟವಾಗಿ ತೋರಿದ್ದು 1953ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನ. ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತೇ ಇರುತ್ತಿದ್ದ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿರುವುದನ್ನು ವೈದ್ಯ ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು ಗುರುತಿಸಿದರು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಗತಿಯ ಶ್ರಮ ಮಾಡಬೇಕು, ವಾರಕ್ಕೆರಡು ದಿನ ಸ್ನಾಯುಗಳನ್ನು ಬಲಪಡಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಹೊಲ, ಮನೆಗಳ ದುಡಿಮೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಈಗಲೂ ಗದ್ದೆಯಲ್ಲಿ ನಾಟಿ, ಕಳೆ ಎಂದು ದುಡಿಯುವವರು ತಾವು ಏನೂ ಮಾಡುತ್ತಿಲ್ಲವೆಂದು ಭಾವಿಸಬೇಕಾಗಿಲ್ಲ. ಕುಳಿತು ದಿನ ಕಳೆಯುವವರಿಗಾಗಿ ಮುಂದಿನ ಮಾತುಗಳು.

ಆರಂಭಶೂರತ್ವ ಬೇಡ

ವ್ಯಾಯಾಮವನ್ನು ಬಿಟ್ಟುಬಿಟ್ಟವರಲ್ಲಿ ಅನೇಕರು ಅದನ್ನು ಅತಿಯಾಗಿ ಆರಂಭಿಸಿದವರು. ಮೊದಲ ದಿನವೇ ಒಂದು ಗಂಟೆ ಓಡುತ್ತಾರೆ. ಮೂರನೆಯ ದಿನ ಮಂಡಿ ಹಿಡಿದು ಕೂರುತ್ತಾರೆ. ಇದಕ್ಕೆ ಕಾರಣ ದೇಹದಲ್ಲಿಯೇ ಇದೆ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗುತ್ತವೆ. ಸ್ನಾಯುವನ್ನು ಮೂಳೆಗೆ ಬಂಧಿಸುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಹೀಗಾಗಿ ಉಸಿರು ‘ಇನ್ನೂ ಆಗುತ್ತದೆ’ ಎನ್ನುವಾಗಲೇ ಕೀಲುಗಳು ಸೋತಿರುತ್ತವೆ. ಶ್ರೀರಂಗಪಟ್ಟಣ, ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಇದು ಅನುಭವದಿಂದಲೇ ತಿಳಿದಿದ್ದ ಸಂಗತಿ. ಹೊಸ ಹುಡುಗನಿಗೆ ಮೊದಲು ದಂಡ, ಬಸ್ಕಿ. ಕುಸ್ತಿಯ ಪಟ್ಟುಗಳು ಆಮೇಲೆ.

ಆದ್ದರಿಂದ ಆರಂಭದ ಪ್ರಮಾಣವು ‘ಇಷ್ಟೇಯೇ?’ ಎನಿಸುವಷ್ಟು ಚಿಕ್ಕದಾಗಿರಲಿ. ಮೊದಲ ತಿಂಗಳಲ್ಲಿ ನಾವು ಗಳಿಸಬೇಕಾದುದು ಶಕ್ತಿಯಲ್ಲ, ಅಭ್ಯಾಸ.

ಮೊದಲು ಪರೀಕ್ಷೆ

ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಉಬ್ಬಸ ಇರುವವರು ಹಾಗೂ ಬಹುಕಾಲ ನಿಷ್ಕ್ರಿಯರಾಗಿದ್ದ ಹಿರಿಯರು ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ವೈದ್ಯರನ್ನು ಕಂಡು ಆರಂಭಿಸುವುದು ಕ್ಷೇಮ. ನಡೆಯುವಾಗ ಎದೆ ಹಿಂಡಿದಂತಾಗುವುದು, ನೋವು ಎಡತೋಳಿಗೆ ಅಥವಾ ದವಡೆಗೆ ಹರಡುವುದು, ಕಣ್ಣು ಕತ್ತಲೆ ಕಟ್ಟುವುದು, ತಣ್ಣನೆಯ ಬೆವರು ಬರುವುದು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಯೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮನೆಯಲ್ಲಿ ಮಲಗುವುದು ಅಪಾಯಕರ.

ನಡಿಗೆಯ ಕ್ರಮ

ಮೊದಲ ಎರಡು ವಾರ ದಿನಕ್ಕೆ 10 ನಿಮಿಷ, ವಾರಕ್ಕೆ ಐದು ದಿನ ನಡೆಯಿರಿ. ಮೂರು, ನಾಲ್ಕನೆಯ ವಾರಗಳಲ್ಲಿ 15 ನಿಮಿಷ. ಐದು, ಆರನೆಯ ವಾರಗಳಲ್ಲಿ 20 ನಿಮಿಷ. ಏಳನೆಯ ವಾರದಲ್ಲಿ 25, ಎಂಟನೆಯ ವಾರದಲ್ಲಿ 30 ನಿಮಿಷಕ್ಕೆ ತಲುಪಿದರೆ ವಾರಕ್ಕೆ 150 ನಿಮಿಷಗಳ ಗುರಿ ತಾನಾಗಿಯೇ ಈಡೇರುತ್ತದೆ. ಒಮ್ಮೆಗೇ ಆಗದವರು ಬೆಳಿಗ್ಗೆ, ಸಂಜೆ ಎಂದು ಹಂಚಿಕೊಳ್ಳಬಹುದು. ಗತಿಯನ್ನು ಅಳೆಯಲು ಯಂತ್ರ ಬೇಡ. ನಡೆಯುತ್ತಾ ವಚನವೊಂದನ್ನು ಮಾತಿನಂತೆ ಹೇಳಲು ಸಾಧ್ಯವಾಗಬೇಕು, ರಾಗವಾಗಿ ಹಾಡಲು ಆಗಬಾರದು. ಅದೇ ಮಧ್ಯಮ ಗತಿ. ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಸಂಖ್ಯೆಯೂ ಹೊಸಬರನ್ನು ಹೆದರಿಸಬೇಕಾಗಿಲ್ಲ. 1960ರ ದಶಕದ ಜಪಾನಿನಲ್ಲಿ ಹೆಜ್ಜೆ ಎಣಿಸುವ ಸಾಧನದ ಮಾರಾಟದೊಂದಿಗೆ ಅದು ಪ್ರಚಾರಕ್ಕೆ ಬಂದಿತು.

ಮೂರನೆಯ ವಾರದಿಂದ ವಾರಕ್ಕೆರಡು ದಿನ ಬಲವರ್ಧಕ ವ್ಯಾಯಾಮ ಸೇರಲಿ. ಗಟ್ಟಿಯಾದ ಕುರ್ಚಿಯಿಂದ ಕೈಯೂರದೆ ಎಂಟು ಬಾರಿ ಏಳುವುದು, ಕೂರುವುದು. ಗೋಡೆಗೆ ಅಂಗೈಯೂರಿ ಎಂಟು ಬಾರಿ ದಂಡ ತೆಗೆಯುವುದು. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿಯನ್ನು ಎಂಟು ಬಾರಿ ಎತ್ತುವುದು. ಇಷ್ಟು ಸಾಕು. ಉಸಿರು ಬಿಗಿಹಿಡಿಯಬೇಡಿ. ಅರವತ್ತೈದು ದಾಟಿದವರು ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನೂ ಮಾಡಿದರೆ ಬೀಳುವ ಭಯ ತಗ್ಗುತ್ತದೆ. ಮರುದಿನ ಸ್ನಾಯುಗಳು ನೊಂದರೆ ಗಾಬರಿ ಬೇಡ. ಎರಡು ಮೂರು ದಿನಗಳಲ್ಲಿ ಅದು ಇಳಿಯುತ್ತದೆ. ಕೀಲು ಊದಿಕೊಂಡರೆ ಅಥವಾ ನೋವು ದಿನೇ ದಿನೇ ಹೆಚ್ಚಿದರೆ ವೈದ್ಯರನ್ನು ಕಾಣಬೇಕು.

ನಮ್ಮ ಸೀಮೆಯ ಎಚ್ಚರಿಕೆಗಳು

ಕಬ್ಬು ಕಡಿಯುವ ಕಾಲದಲ್ಲಿ ಲೋಡು ತುಂಬಿದ ಟ್ರ್ಯಾಕ್ಟರುಗಳು ನಸುಕಿನಲ್ಲಿಯೇ ರಸ್ತೆಗಿಳಿಯುತ್ತವೆ. ಬೆಳಕು ಹರಿದ ಮೇಲೆ, ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ತಿಳಿಬಣ್ಣದ ಬಟ್ಟೆ ಧರಿಸಿ ನಡೆಯಿರಿ. ನಾಲೆ, ಕೆರೆಗಳ ಏರಿಯ ಮೇಲೆ ಹುಲ್ಲು ಬೆಳೆದಿದ್ದರೆ ಹಾವಿನ ಭಯವಿರುತ್ತದೆ. ಹೊರಗೆ ಹೋಗಲು ಅನುಕೂಲವಿಲ್ಲದ ತಾಯಂದಿರು ಮನೆಯ ಅಂಗಳದಲ್ಲಿ, ತಾರಸಿಯಲ್ಲಿ ನಡೆದರೂ ಫಲ ಒಂದೇ.

ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಬಾರದು. ಸ್ಪರ್ಶ ಕುಂದಿದ ಪಾದಕ್ಕೆ ಮುಳ್ಳು ಚುಚ್ಚಿದುದು ತಿಳಿಯದೆ ಹುಣ್ಣಾಗಿ, ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಮನೆಗೆ ಮರಳಿದ ಮೇಲೆ ಅಂಗಾಲನ್ನು ನೋಡಿಕೊಳ್ಳಿ. ಇನ್ಸುಲಿನ್ ಪಡೆಯುವವರು ಬರಿಹೊಟ್ಟೆಯಲ್ಲಿ ಹೊರಡದೆ, ಜೇಬಿನಲ್ಲಿ ಸ್ವಲ್ಪ ಸಕ್ಕರೆ ಅಥವಾ ಗ್ಲೂಕೋಸ್ ಇರಿಸಿಕೊಳ್ಳಬೇಕು. ಊಟದ ನಂತರ ಹತ್ತು ನಿಮಿಷ ನಿಧಾನವಾಗಿ ನಡೆದರೆ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ. ಮುದ್ದೆಯೂಟ ಮುಗಿಸಿ ಒಡನೆಯೇ ಒರಗುವ ರೂಢಿಗೆ ಬದಲಾಗಿ ಇದನ್ನು ರೂಢಿಸಿಕೊಳ್ಳಬಹುದು.

ಬೆಟ್ಟ ಹತ್ತುವ ಆಸೆ ಎಲ್ಲರಿಗೂ ಸಹಜ. ಕರಿಘಟ್ಟ, ಕುಂತಿಬೆಟ್ಟ, ಮೇಲುಕೋಟೆ, ಕೆ.ಆರ್. ಪೇಟೆಯ ಹೇಮಗಿರಿ, ನಾಗಮಂಗಲದ ಆದಿಚುಂಚನಗಿರಿ ಎಲ್ಲಿಗೂ ಹೋಗುವುದು ಎಂಟು ವಾರ ಕಳೆದ ಮೇಲಾಗಲಿ. ಹತ್ತುವಾಗ ಉಸಿರಿಗೆ ಶ್ರಮ, ಇಳಿಯುವಾಗ ಮಂಡಿಗೆ ಭಾರ. ಆದ್ದರಿಂದ ಇಳಿಯುವಾಗಲೇ ಹೆಚ್ಚು ನಿಧಾನ ಬೇಕು.

ನಡುವೆ ತಪ್ಪಿದರೆ

ಜ್ವರ, ಮದುವೆ, ಹಬ್ಬ, ಸುಗ್ಗಿ ಎಂದು ಕೆಲವು ದಿನ ತಪ್ಪುವುದು ಸಹಜ. ಒಂದು ವಾರ ತಪ್ಪಿದರೆ ಹಿಂದಿನ ಹಂತಕ್ಕೆ ಇಳಿದು ಮುಂದುವರಿಯಿರಿ. ತಪ್ಪಿದ್ದನ್ನು ಒಂದೇ ದಿನದಲ್ಲಿ ತುಂಬಿಕೊಳ್ಳಲು ಹೋಗಬೇಡಿ. ನಿತ್ಯಪೂಜೆಗೆ ನಿಗದಿಯಾದ ಹೊತ್ತಿರುವಂತೆ ನಡಿಗೆಗೂ ಒಂದು ಹೊತ್ತು ನಿಗದಿಯಾಗಲಿ. ಮನೆಯವರೋ ನೆರೆಯವರೋ ಒಬ್ಬರು ಜೊತೆಗಿದ್ದರೆ ನೇಮ ಉಳಿಯುತ್ತದೆ. ನಾಳೆ ಬೆಳಿಗ್ಗೆ ಮನೆಯಿಂದ ಐದು ನಿಮಿಷ ಹೋಗಿ, ಐದು ನಿಮಿಷದಲ್ಲಿ ಹಿಂದಿರುಗಿ. ಆ ದಿನಕ್ಕೆ ಅಷ್ಟೇ ಸಾಕು. ನಾಡಿದ್ದೂ ಹಾಗೆಯೇ ಹೊರಡುವುದು ಮುಖ್ಯ.