ಹಿಪ್ಪುನೇರಳೆ ಎಲೆಯ ಒಳಪೊರೆ ಮತ್ತು ಮುಸುಕಿನ ಜೋಳದ ಕಳೆನಾಶಕ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ಬೆಳೆಯುವ ರೈತರು ಮುಸುಕಿನ ಜೋಳವನ್ನೂ ಬೆಳೆಯುವುದುಂಟು. ಗೌರಿಬಿದನೂರಿನ ಕಡೆ ಜೋಳದ ಹೊಲಗಳು ಇನ್ನೂ ಹೆಚ್ಚು. ಜೋಳ ಬಿತ್ತಿದ ಕೂಡಲೇ ಅಟ್ರಜಿನ್ ಸಿಂಪಡಿಸಿದರೆ ಕಳೆ ಸಾಯುತ್ತದೆ, ಜೋಳ ಉಳಿಯುತ್ತದೆ. ಅದೇ ಸಿಂಪರಣಾ ಯಂತ್ರವನ್ನು ಸರಿಯಾಗಿ ತೊಳೆಯದೆ ಹಿಪ್ಪುನೇರಳೆಗೆ ಬಳಸಿದರೆ ಎಲೆ ಕೆಡುವುದೇಕೆ? ಇದಕ್ಕೆ ಉತ್ತರ ಎಲೆಯೊಳಗಿನ ಪೊರೆಯಲ್ಲಿದೆ.

ಎಲೆಯ ಜೀವಕೋಶಗಳಲ್ಲಿ ಹಸಿರು ಕಣಗಳಿವೆ. ಪ್ರತಿ ಕಣದೊಳಗೂ ತೆಳುವಾದ ಪೊರೆಗಳು, ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ, ಅಟ್ಟಿಗಳಾಗಿ ಕುಳಿತಿವೆ. ಅಟ್ಟಿಯಿಂದ ಅಟ್ಟಿಗೆ ಬಿಡಿ ಪೊರೆಗಳು ಹಾದುಹೋಗುತ್ತವೆ. ಪತ್ರಹರಿತ್ತು ಇವುಗಳಲ್ಲಿ ಸುಮ್ಮನೆ ಹರಡಿಕೊಂಡಿಲ್ಲ. ಅದನ್ನು ಪ್ರೋಟೀನುಗಳು ಹಿಡಿದಿಟ್ಟಿವೆ. ಆ ಪ್ರೋಟೀನುಗಳಿಗೂ ಅವುಗಳದೇ ಆದ ಜಾಗವುಂಟು. ನೀರನ್ನು ಒಡೆದು ಆಮ್ಲಜನಕ ಬಿಡುಗಡೆ ಮಾಡುವ ಎರಡನೆಯ ದ್ಯುತಿವ್ಯವಸ್ಥೆ ಹೆಚ್ಚಾಗಿ ಅಟ್ಟಿಯೊಳಗಿದೆ. ಹೆಸರಿಗೆ ಎರಡನೆಯದಾದರೂ ಕೆಲಸ ಆರಂಭವಾಗುವುದು ಇಲ್ಲೇ! ಒಂದನೆಯ ದ್ಯುತಿವ್ಯವಸ್ಥೆ ಬಿಡಿ ಪೊರೆಗಳಲ್ಲೂ ಅಟ್ಟಿಯ ಅಂಚಿನಲ್ಲೂ ಇದೆ. ಅದು ಪೊರೆಯಿಂದ ಹೊರಚಾಚಿರುವುದರಿಂದ ಅಟ್ಟಿಯ ಇಕ್ಕಟ್ಟಿನಲ್ಲಿ ಹಿಡಿಸದು. ಎರಡನೆಯದರಿಂದ ಎಲೆಕ್ಟ್ರಾನುಗಳನ್ನು ಹೊತ್ತು ಮುಂದಕ್ಕೆ ಸಾಗಿಸುವುದು ಪ್ಲಾಸ್ಟೋಕ್ವಿನೋನ್ ಎಂಬ ಸಣ್ಣ ವಸ್ತು.

ಈ ವಸ್ತು ಬಂದು ಹೊರೆ ಎತ್ತಿಕೊಳ್ಳುವ ಸ್ಥಳ ಡಿ-1 ಎಂಬ ಪ್ರೋಟೀನಿನಲ್ಲಿದೆ. ಅಟ್ರಜಿನ್ ಅದೇ ಸ್ಥಳದಲ್ಲಿ ಕುಳಿತು ದಾರಿ ಕಟ್ಟುತ್ತದೆ. ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಮುಂದೆ ಸಾಗದ ಶಕ್ತಿಯಿಂದ ತೀಕ್ಷ್ಣ ರೂಪದ ಆಮ್ಲಜನಕ ಹುಟ್ಟಿ ಪೊರೆಯನ್ನೇ ಸುಡುತ್ತದೆ. ಗಿಡ ಆಹಾರವಿಲ್ಲದೆ ಸಾಯುವ ಮೊದಲೇ ಎಲೆ ಬೆಂದುಹೋಗುತ್ತದೆ.

ಜೋಳದಲ್ಲೂ ಡಿ-1 ಇದೆ. ಆದರೆ ಜೋಳದ ಗಿಡ ಅಟ್ರಜಿನ್ನನ್ನು ಬೇಗನೆ ಮಾರ್ಪಡಿಸಿ ನಿರ್ವಿಷಗೊಳಿಸುತ್ತದೆ. ಹಿಪ್ಪುನೇರಳೆ, ಟೊಮೇಟೊ, ಅವರೆ, ತೊಗರಿಗಳಿಗೆ ಆ ಶಕ್ತಿ ಅಷ್ಟಿಲ್ಲ.

ಬೇರಿನ ಮೂಲಕ ಈ ವಿಷ ಸೇರಿದಾಗ ಬಲಿತ ಎಲೆಗಳ ಅಂಚು ಮತ್ತು ನರಗಳ ನಡುವಿನ ಭಾಗ ಮೊದಲು ಹಳದಿಯಾಗಿ, ಬಳಿಕ ಒಣಗುತ್ತವೆ. ಇದನ್ನು ಕಬ್ಬಿಣದ ಕೊರತೆಯೆಂದು ಭಾವಿಸಿ ಲಘುಪೋಷಕಾಂಶ ಸಿಂಪಡಿಸಿದರೆ ಹಣ ದಂಡ. ಕಬ್ಬಿಣದ ಕೊರತೆ ಕಾಣುವುದು ಮೊದಲು ಎಳೆಯ ಎಲೆಗಳಲ್ಲಿ.

ಎಲೆಯ ಸಾರಜನಕದ ಬಹುಭಾಗ ಹಸಿರು ಕಣಗಳ ಪ್ರೋಟೀನುಗಳಲ್ಲೇ ಇದೆ. ಹುಳು ರೇಷ್ಮೆ ಮಾಡುವುದು ಆ ಪ್ರೋಟೀನಿನಿಂದಲೇ. ನಾಲ್ಕನೆಯ ಜ್ವರದಿಂದ ಎದ್ದ ಹುಳು ತನ್ನ ಒಟ್ಟು ಮೇವಿನ ಶೇ. 80ಕ್ಕೂ ಹೆಚ್ಚನ್ನು ಆ ಹಂತದಲ್ಲೇ ತಿನ್ನುತ್ತದೆ. ಆಗ ತೋಟ ಕೆಟ್ಟಿದ್ದರೆ ಗೂಡಿನ ಆಸೆ ಬಿಡಬೇಕಾದೀತು.

ಆದ್ದರಿಂದ ಕಳೆನಾಶಕಕ್ಕೆ ಬೇರೆಯೇ ಸಿಂಪರಣಾ ಯಂತ್ರವನ್ನು ಇಟ್ಟುಕೊಳ್ಳುವುದು ಲೇಸು. ಗಾಳಿಯಿಲ್ಲದ ಹೊತ್ತಿನಲ್ಲಿ ಸಿಂಪಡಿಸಬೇಕು. ಯಂತ್ರ ತೊಳೆದ ನೀರನ್ನು ತೋಟದ ಕಾಲುವೆಗೆ ಬಿಡಬಾರದು. ಜೋಳದ ಸಾಲುಗಳ ನಡುವೆ ಅವರೆ, ತೊಗರಿ ಹಾಕುವವರು ಅಟ್ರಜಿನ್ ಬಳಸಬಾರದು. ಅದರ ಅಂಶ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದಾದ್ದರಿಂದ, ಜೋಳ ಕೊಯ್ದ ಹೊಲದಲ್ಲಿ ಹಿಪ್ಪುನೇರಳೆ ಸಸಿ ನೆಡುವ ಮೊದಲು ಆ ಮಣ್ಣನ್ನು ಕುಂಡದಲ್ಲಿ ತುಂಬಿ, ನಾಲ್ಕು ಟೊಮೇಟೊ ಸಸಿ ಬೆಳೆಸಿ ನೋಡಬಹುದು.