ಅಂಗಿಯಲ್ಲಿ ಬಂದ ಸೀಸ

ಅಕ್ಕ ವರದಿಯನ್ನು ಊಟದ ಮೇಜಿನ ಮೇಲೆ ಹರಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಕೆಂಪು ಪಟ್ಟಿಗಳು. ಸೀಸ, ಪಾದರಸ, ಅಲ್ಯೂಮಿನಿಯಂ, ಆರ್ಸೆನಿಕ್ ಎಂದು ಸಾಲಾಗಿ ಬರೆದು, ಒಂದೊಂದರ ಮುಂದೆಯೂ ಒಂದು ಪಟ್ಟಿ ಎಳೆದಿದ್ದರು. ನಾಲ್ಕೂ ಹಸಿರು ದಾಟಿ ಕೆಂಪಿಗೆ ಹೋಗಿದ್ದವು. ಮಗನ ಹಿಂದಲೆಯಿಂದ ಕತ್ತರಿಸಿದ ಚಿಟಿಕೆ ಕೂದಲನ್ನು ಲಕೋಟೆಗೆ ಹಾಕಿ, ಹೊರದೇಶದ ಲ್ಯಾಬಿಗೆ ಕಳಿಸಿ, ಮೂರು ವಾರ ಕಾದು ತರಿಸಿದ ವರದಿ ಅದು. ಪುಟ್ಟನಿಗೆ ಆಗ ನಾಲ್ಕು ವರ್ಷ. ಅಮ್ಮ, ನೀರು, ಬೇಡ, ಈ ಮೂರೇ ಮಾತು ಬರುತ್ತಿದ್ದವು. ಆಟಿಸಂ ಎಂದು ಡಾಕ್ಟರು ಹೇಳಿ ಏಳು ತಿಂಗಳಾಗಿತ್ತು.

"ಮೈಯಲ್ಲಿರೋ ಲೋಹ ಎಲ್ಲಾ ಹೊರಗೆ ಹೋದರೆ ಮಾತು ಬರುತ್ತಂತೆ ಕಣೇ" ಅಂದಳು ಅಕ್ಕ. ಭಾವ ಏನೂ ಹೇಳದೆ ಕೆಂಪು ಪಟ್ಟಿಗಳನ್ನೇ ನೋಡುತ್ತಾ ಕೂತಿದ್ದರು.

ಕೂದಲು ಕಳಿಸಲು ಹೇಳಿದ ಚಿಕಿತ್ಸಾ ಕೇಂದ್ರದವರೇ ಮುಂದಿನ ದಾರಿಯನ್ನೂ ಹೇಳಿದ್ದರು. ಮೊದಲು ಲೋಹವನ್ನು ಹಿಡಿದು ಹೊರಹಾಕುವ ಒಂದು ಮಾತ್ರೆ ನುಂಗಿಸಿ, ಆರು ಗಂಟೆಯ ಮೂತ್ರ ಹಿಡಿದು ಇನ್ನೊಂದು ಪರೀಕ್ಷೆ. ಆಮೇಲೆ ಡ್ರಿಪ್ ಮೂಲಕ ಲೋಹ ತೆಗೆಯುವ ಕೀಲೇಷನ್ ಚಿಕಿತ್ಸೆ, ತಿಂಗಳಿಗೆ ಎರಡು ಸಲ, ಒಟ್ಟು ಹತ್ತು ಸಲ. ಅದರ ಖರ್ಚಿಗೆ ಅಕ್ಕ ತನ್ನ ಎರಡೆಳೆ ಸರ ಮಾರಲು ತಯಾರಾಗಿದ್ದಳು. ಅವಳನ್ನು ದೂರುವುದು ಸುಲಭ. ಮಾತಿಗಾಗಿ ಕಾಯುತ್ತಿರುವ ತಾಯಿಗೆ ಯಾರಾದರೂ ಒಂದು ಕಾರಣ ತೋರಿಸಿ, ಅದನ್ನು ತೆಗೆದುಹಾಕುವ ದಾರಿಯೂ ಇದೆ ಎಂದರೆ ಅವಳು ನಂಬದೆ ಇನ್ನೇನು ಮಾಡುತ್ತಾಳೆ?

ತಡೆದದ್ದು ಪುಟ್ಟನಿಗೆ ಹುಟ್ಟಿದಾಗಿನಿಂದ ಲಸಿಕೆ ಹಾಕುತ್ತಿದ್ದ ಮಕ್ಕಳ ಡಾಕ್ಟರು. ವರದಿಯನ್ನು ಪೂರ್ತಿ ಓದಿ, "ರಕ್ತ ನೋಡಿಸಿದಿರಾ ಅಮ್ಮಾ?" ಎಂದು ಕೇಳಿದರು. ಇಲ್ಲ. ಯಾರೂ ನೋಡಿರಲಿಲ್ಲ.

ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಕೂದಲಿಗೆ ಶಾಂಪೂ, ನೀರು, ಧೂಳು ಎಲ್ಲವೂ ಅಂಟುತ್ತವೆ. ಒಬ್ಬರದೇ ಕೂದಲನ್ನು ಅಮೆರಿಕದ ಆರು ಲ್ಯಾಬುಗಳಿಗೆ ಕಳಿಸಿದಾಗ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ ಎಂಬುದು 2001ರಲ್ಲೇ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಮಾತ್ರೆ ಕೊಟ್ಟು ಮಾಡುವ ಮೂತ್ರ ಪರೀಕ್ಷೆಯದು ಇನ್ನೊಂದು ಬಗೆಯ ತಪ್ಪು. ನಮ್ಮೆಲ್ಲರ ಮೈಯಲ್ಲೂ ಒಂದಿಷ್ಟು ಲೋಹ ಇರುತ್ತದೆ. ಆ ಔಷಧಿ ಕೊಟ್ಟರೆ ಯಾರ ಮೂತ್ರದಲ್ಲೇ ಆದರೂ ಅದು ಹೆಚ್ಚಿಗೆ ಇಳಿಯುತ್ತದೆ. ಆ ಲೆಕ್ಕವನ್ನು ಔಷಧಿ ತೆಗೆದುಕೊಳ್ಳದವರ ಲೆಕ್ಕದ ಪಕ್ಕದಲ್ಲಿಟ್ಟರೆ ಪಟ್ಟಿ ಕೆಂಪಾಗದೆ ಇರುವುದೇ ಕಷ್ಟ. ಅಮೆರಿಕದ ವಿಷವೈದ್ಯರ ಸಂಘವೂ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಹೇಳಿದೆ.

ಡ್ರಿಪ್‌ನ ವಿಷಯಕ್ಕೆ ಬಂದಾಗ ಡಾಕ್ಟರ ದನಿ ಗಡುಸಾಯಿತು. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗ ಇಡಿಟಿಎ ಎಂಬ ಕೀಲೇಷನ್ ಔಷಧಿಯ ಡ್ರಿಪ್ ಕೊಡುವಾಗಲೇ ಹೃದಯ ನಿಂತು ತೀರಿಕೊಂಡ. ಅದೇ ವರ್ಷ ಟೆಕ್ಸಾಸ್‌ನಲ್ಲಿ ಸೀಸದ ಚಿಕಿತ್ಸೆಗೆಂದು ಬಂದ ಎರಡು ವರ್ಷದ ಹೆಣ್ಣುಮಗುವೂ ಹೋಯಿತು. ಕ್ಯಾಲ್ಸಿಯಂ ಸೇರಿದ ಇಡಿಟಿಎ ಒಂದು, ಸೇರದ್ದು ಇನ್ನೊಂದು. ಹೆಸರು ಹೆಚ್ಚುಕಡಿಮೆ ಒಂದೇ. ಆ ಮಕ್ಕಳಿಗೆ ಕೊಟ್ಟಿದ್ದ ಎರಡನೆಯದು ರಕ್ತದಲ್ಲಿರುವ ಕ್ಯಾಲ್ಸಿಯಂ ಅನ್ನೇ ಹಿಡಿದುಬಿಡುತ್ತದೆ. ಇದನ್ನು ಕೇಳುತ್ತಾ ಅಕ್ಕ ಪುಟ್ಟನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

ತೋಳಿನ ನರದಿಂದ ರಕ್ತ ತೆಗೆದರು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳೂ ಸೇರಿ ಅಂಕಿ ಏರುವುದುಂಟು. ಉತ್ತರ ಬಂತು: ಡೆಸಿಲೀಟರಿಗೆ 14 ಮೈಕ್ರೋಗ್ರಾಂ ಸೀಸ.

ಅಂದರೆ ಕೂದಲ ವರದಿ ಪೂರ್ತಿ ಸುಳ್ಳಾಗಿರಲಿಲ್ಲ, ಆದರೆ ಅದು ತೋರಿಸಿದ ದಾರಿ ಮಾತ್ರ ತಪ್ಪಾಗಿತ್ತು. ಇದು ನಮಗೆ ಮನದಟ್ಟಾಗಲು ಸ್ವಲ್ಪ ದಿನ ಹಿಡಿಯಿತು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವಂಥ ಮಟ್ಟವೇ ಇಲ್ಲ. 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು, 45 ಮುಟ್ಟಿದರೆ ಕೀಲೇಷನ್ ಕೊಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ನಡುವಿನ ಮಟ್ಟದ ಮಕ್ಕಳಿಗೆ ಔಷಧಿ ಕೊಟ್ಟು ನೋಡಿದ್ದೂ ಆಗಿದೆ. ಅಮೆರಿಕದಲ್ಲಿ 20ರಿಂದ 44ರವರೆಗೆ ಸೀಸ ಇದ್ದ 780 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಸಕ್ಸಿಮರ್ ಎಂಬ ಕೀಲೇಷನ್ ಔಷಧಿ ಕೊಟ್ಟವರ ರಕ್ತದ ಸೀಸ ಇಳಿಯಿತು, ಬುದ್ಧಿಯ ಪರೀಕ್ಷೆಯಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಕೀಲೇಷನ್ ಮೋಸದ ಚಿಕಿತ್ಸೆಯೇನಲ್ಲ. 2010ರಲ್ಲಿ ನೈಜೀರಿಯಾದ ಜಂಫಾರಾದಲ್ಲಿ ಚಿನ್ನದ ಅದಿರು ಕುಟ್ಟುವ ಹಳ್ಳಿಗಳಲ್ಲಿ ಸೀಸದ ವಿಷಕ್ಕೆ 400ಕ್ಕೂ ಹೆಚ್ಚು ಮಕ್ಕಳು ಸತ್ತಾಗ, ಉಳಿದ ಎಷ್ಟೋ ಮಕ್ಕಳನ್ನು ಬದುಕಿಸಿದ್ದು ಇದೇ ಔಷಧಿ. ಅಲ್ಲಿಯೂ ಮೊದಲು ಊರಿನ ಮಣ್ಣು ತೆಗೆಸಿ ಮನೆ ಅಂಗಳ ಶುಚಿ ಮಾಡಿಸಿದರು. ವಿಷದ ಮನೆಗೇ ಮಗುವನ್ನು ವಾಪಸು ಕಳಿಸಿದರೆ ಔಷಧಿ ಏನು ಮಾಡೀತು?

ನಮ್ಮ ಮನೆಯಲ್ಲಿ ಹುಡುಕಾಟ ಶುರುವಾಯಿತು. ಕಣ್ಣಿಗೆ ಹಚ್ಚುವ ಕಾಡಿಗೆ, ಬಿಡಿಯಾಗಿ ಕೊಂಡ ಅರಿಶಿನದ ಪುಡಿ, ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆ, ಭಸ್ಮದ ಔಷಧಿ, ಗೋಡೆಯ ಹಳೇ ಬಣ್ಣ, ಹೀಗೆ ಡಾಕ್ಟರು ಒಂದೊಂದಾಗಿ ಕೇಳುತ್ತಾ ಹೋದರು. ಕೊನೆಗೆ ಭಾವನ ಕಡೆ ತಿರುಗಿ, "ನೀವು ಏನು ಕೆಲಸ ಮಾಡ್ತೀರಿ?" ಅಂದರು.

ಭಾವನದು ಬ್ಯಾಟರಿ ರಿಪೇರಿ ಅಂಗಡಿ. ಹಳೇ ಬ್ಯಾಟರಿ ಬಿಚ್ಚಿ ಪ್ಲೇಟು ಬದಲಿಸುವುದು, ಸೀಸ ಕರಗಿಸಿ ಬೆಸೆಯುವುದು ದಿನದ ಕೆಲಸ. ಅವತ್ತು ಸಂಜೆ ಅಕ್ಕ ಅವರ ಅಂಗಿಯನ್ನು ಬಚ್ಚಲಿನ ಬೆಳಕಿಗೆ ಹಿಡಿದು ನೋಡಿದಳು. ಕಾಲರಿನ ಮಡಿಕೆಯಲ್ಲಿ, ಜೇಬಿನ ಹೊಲಿಗೆಯಲ್ಲಿ, ಮಡಚಿದ ತೋಳಿನೊಳಗೆ ಬೂದು ಬಣ್ಣದ ನಯವಾದ ಪುಡಿ ಕೂತಿತ್ತು. ಪುಟ್ಟ ಇಡೀ ದಿನ ಕಾಯುತ್ತಿದ್ದದ್ದು ಆ ಅಂಗಿಗೇ. ಅಪ್ಪ ಬಾಗಿಲಿಗೆ ಬಂದ ಕೂಡಲೇ ಓಡಿ ಹತ್ತಿ, ಹೆಗಲಿಗೆ ಮುಖ ಒತ್ತಿ, ಕಾಲರಿನ ತುದಿಯನ್ನು ಬಾಯಲ್ಲಿಟ್ಟುಕೊಳ್ಳುತ್ತಿದ್ದ. ಮಾತಿಲ್ಲದ ಮಗು ಪ್ರೀತಿ ತೋರಿಸುತ್ತಿದ್ದ ಬಗೆ ಅದು. ಭಾವ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಮಾರನೆ ದಿನದಿಂದ ಅವರು ಅಂಗಡಿಯ ಹಿಂದಿನ ನಲ್ಲಿಯಲ್ಲೇ ಮೈತೊಳೆದು, ಬೇರೆ ಬಟ್ಟೆ ಹಾಕಿಕೊಂಡು ಬರತೊಡಗಿದರು. ಕೆಲಸದ ಬಟ್ಟೆ, ಚಪ್ಪಲಿ ಮನೆಯೊಳಗೆ ಬರುವುದು ನಿಂತಿತು. ಅಕ್ಕ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ನೆಲ ಒರೆಸತೊಡಗಿದಳು. ಪುಟ್ಟನಿಗೆ ರಕ್ತಹೀನತೆಯೂ ಇತ್ತು. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವ ಮೈ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಕಬ್ಬಿಣದ ಟಾನಿಕ್ಕು, ರಾಗಿ ಅಂಬಲಿ ಶುರುವಾದವು. ನಾಲ್ಕು ತಿಂಗಳಿಗೆ ಸೀಸ 7ಕ್ಕೆ ಇಳಿಯಿತು. ಸರ ಅಕ್ಕನ ಕೊರಳಲ್ಲೇ ಉಳಿಯಿತು.

ಮಾತು? ಸೀಸ ಇಳಿಯಿತೆಂದು ಆಟಿಸಂ ಹೋಗಲಿಲ್ಲ, ಹೋಗುವುದೂ ಇಲ್ಲ. ಕೀಲೇಷನ್‌ನಿಂದ ಆಟಿಸಂಗೆ ಉಪಯೋಗವಿದೆ ಎನ್ನಲು ಪುರಾವೆ ಇಲ್ಲ ಎಂದು ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆಯೂ ಹೇಳಿದೆ. ಪುಟ್ಟ ಈಗ ವಾರಕ್ಕೆ ಮೂರು ದಿನ ಸ್ಪೀಚ್ ಥೆರಪಿಗೆ ಹೋಗುತ್ತಾನೆ. ನಲವತ್ತರಷ್ಟು ಪದ ಬರುತ್ತವೆ. "ಅಪ್ಪ ಬಂತು" ಎಂದು ಎರಡು ಪದ ಜೋಡಿಸಿದ ದಿನ ಅಕ್ಕ ನನಗೆ ಫೋನು ಮಾಡಿ ಅತ್ತಳು.

ಈ ಕಥೆ ನಡೆದದ್ದು ಬೆಂಗಳೂರಿನಲ್ಲಿ. ದೇಶದಲ್ಲಿ ಸೀಸದ ವಿಷದ ಬಗ್ಗೆ ಮೊದಲು ಗಟ್ಟಿಯಾಗಿ ಮಾತಾಡಿದ ಊರುಗಳಲ್ಲಿ ಇದೂ ಒಂದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. 2000ರಲ್ಲಿ ಸೀಸದ ಪೆಟ್ರೋಲು ನಿಂತಿತು, 2017ರಿಂದ ಮನೆಯ ಬಣ್ಣಕ್ಕೂ ಮಿತಿ ಬಂತು. ಆದರೂ 2020ರ ಯುನಿಸೆಫ್ ವರದಿಯ ಪ್ರಕಾರ ಭಾರತದ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5ಕ್ಕಿಂತ ಹೆಚ್ಚಿದೆ. ಇಂಥ ದೇಶದಲ್ಲಿ ಮಕ್ಕಳ ರಕ್ತ ಪರೀಕ್ಷೆ ಕೇಳಿದವರಿಗೆ ಮಾತ್ರ ಸಿಗುತ್ತದೆ ಎಂಬುದು ನನಗೆ ಒಪ್ಪಿಗೆಯಾಗುವುದಿಲ್ಲ.

ಕಳೆದ ತಿಂಗಳು ಭಾವ ತಮ್ಮ ಅಂಗಡಿಯ ಇಬ್ಬರು ಕೆಲಸಗಾರರ ಮಕ್ಕಳನ್ನೂ ಕರೆದುಕೊಂಡು ಹೋಗಿ ಪರೀಕ್ಷೆಗೆ ರಕ್ತ ಕೊಡಿಸಿದರು. ಒಂದು ಹುಡುಗಿಯದು 19 ಬಂದಿದೆ. ಅವಳ ಅಪ್ಪನೂ ಈಗ ಅಂಗಡಿಯ ನಲ್ಲಿಯಲ್ಲೇ ಮೈತೊಳೆದು ಮನೆಗೆ ಹೋಗುತ್ತಾನೆ.