ತೋಟದ ದಾರಿಗೆ ಒಪ್ಪುವ ಚಕ್ರ

ಕೊಬ್ಬರಿಗೆ ಒಳ್ಳೆಯ ಧಾರಣೆ ದೊರೆತ ವರ್ಷದಲ್ಲಿ ಹಾಲ್ಕುರಿಕೆಯಂಥ ಊರಿನ ಅಂಗಳಕ್ಕೆ ಒಂದು ಸೆಡಾನ್ ಕಾರು ಬಂದು ನಿಲ್ಲುವುದೂ, ಬಂದ ಕೆಲವೇ ತಿಂಗಳಲ್ಲಿ ಮನೆಯ ತರುಣರು ಅದರ ಕಬ್ಬಿಣದ ಡಿಸ್ಕುಗಳನ್ನು ಕಳಚಿ ಹೊಳೆಯುವ ಅಲಾಯ್ ವೀಲುಗಳನ್ನು ತೊಡಿಸಬೇಕೆಂದು ಹಂಬಲಿಸುವುದೂ ಸಹಜವಾದ ಸಂಗತಿ. ಆ ಹಂಬಲದಲ್ಲಿ ದೋಷವೇನೂ ಇಲ್ಲ. ಆದರೆ ಕಾರಿನ ಬ್ರೇಕು, ಸ್ಟೀರಿಂಗು, ಸಸ್ಪೆನ್ಷನ್ನುಗಳೆಲ್ಲ ಒಂದು ನಿರ್ದಿಷ್ಟ ಅಳತೆಯ ಚಕ್ರವನ್ನು ಉದ್ದೇಶಿಸಿಯೇ ರಚಿತವಾಗಿರುವುದರಿಂದ, ಅಂಗಡಿಯ ಗೋಡೆಗೆ ತೂಗುಹಾಕಿದ ಚಕ್ರಗಳನ್ನು ನೋಡುವುದಕ್ಕೆ ಮೊದಲು ತಮ್ಮ ಕಾರಿನ ಬಾಗಿಲನ್ನು ತೆರೆದು ನೋಡುವುದು ಲೇಸು.

ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಒಂದು ಚೀಟಿ ಅಂಟಿಸಿರುತ್ತದೆ. ಟೈರಿನ ಅಳತೆಯೂ ತುಂಬಬೇಕಾದ ಗಾಳಿಯ ಪ್ರಮಾಣವೂ ಅದರಲ್ಲಿ ಉಕ್ತವಾಗಿವೆ. 185/65 R15 88H ಎಂದು ಬರೆದಿದ್ದರೆ, ಟೈರಿನ ಅಗಲ 185 ಮಿಲಿಮೀಟರ್ ಎಂದೂ, ಅದರ ಪಾರ್ಶ್ವದ ಎತ್ತರವು ಆ ಅಗಲದ ನೂರಕ್ಕೆ 65ರಷ್ಟೆಂದೂ, ರೇಡಿಯಲ್ ಜಾತಿಯ ಆ ಟೈರು ಕೂರುವ ರಿಮ್ಮಿನ ವ್ಯಾಸ 15 ಅಂಗುಲವೆಂದೂ ತಿಳಿಯತಕ್ಕದ್ದು. 88 ಎಂಬುದು ಭಾರದ ಸಂಕೇತ. ಒಂದು ಟೈರು 560 ಕಿಲೋಗ್ರಾಂ ಹೊರಬಲ್ಲದು. H ಎಂಬುದು ವೇಗದ ಸಂಕೇತ. ಗಂಟೆಗೆ 210 ಕಿಲೋಮೀಟರ್ ಅದರ ಮಿತಿ.

ಎರಡನೆಯ ಹೆಜ್ಜೆ ಲೆಕ್ಕದ್ದು. ಪಾರ್ಶ್ವದ ಎತ್ತರವನ್ನು ಇಮ್ಮಡಿಸಿ, ಅದಕ್ಕೆ ರಿಮ್ಮಿನ ಅಂಗುಲಗಳನ್ನು 25.4ರಿಂದ ಗುಣಿಸಿದ ಮೊತ್ತವನ್ನು ಕೂಡಿಸಿದರೆ ಇಡೀ ಚಕ್ರದ ವ್ಯಾಸ ದೊರೆಯುತ್ತದೆ. ನಮ್ಮ ಭಾಗದಲ್ಲಿ ಬಹುವಾಗಿ ಕಾಣುವ ಡಿಜೈರ್ ಕಾರನ್ನೇ ತೆಗೆದುಕೊಳ್ಳೋಣ. 2017ರ ಮಾದರಿಯ ಕಡಿಮೆ ಬೆಲೆಯ ಕಾರುಗಳಿಗೆ 165/80 R14, ಹೆಚ್ಚು ಬೆಲೆಯವಕ್ಕೆ 185/65 R15 ಟೈರುಗಳನ್ನು ಕಂಪನಿಯೇ ಕೊಟ್ಟಿತು. ಮೊದಲನೆಯದರ ವ್ಯಾಸ 619.6 ಮಿಲಿಮೀಟರ್, ಎರಡನೆಯದರದು 621.5, ಒಂದಂಗುಲ ದೊಡ್ಡ ರಿಮ್ಮು ಬಂದರೂ ಚಕ್ರದ ಒಟ್ಟು ವ್ಯಾಸದಲ್ಲಿ ಎರಡು ಮಿಲಿಮೀಟರಿನ ಅಂತರವೂ ಇಲ್ಲ. ಹೀಗಲ್ಲದೆ, ಉಬ್ಬುಗಳಲ್ಲಿ ಅಡಿ ತಾಗದಿರಲೆಂದು 14 ಅಂಗುಲದ ಕಾರಿಗೆ 195/65 R15 ಹಾಕಿಸಿದರೆ ವ್ಯಾಸ 634.5ಕ್ಕೇರಿ, ಸ್ಪೀಡೋಮೀಟರು 80 ತೋರುತ್ತಿರುವಾಗ ಮೊದಲಿಗಿಂತ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ವೇಗದಲ್ಲಿ ಕಾರು ಓಡುತ್ತಿರುತ್ತದೆ; ಇಷ್ಟಾದರೂ ಕಾರು ಮೇಲಕ್ಕೇರುವುದು ಹೆಚ್ಚಿದ ವ್ಯಾಸದ ಅರ್ಧ, ಅಂದರೆ ಏಳೂವರೆ ಮಿಲಿಮೀಟರ್ ಮಾತ್ರ. ವ್ಯತ್ಯಾಸವನ್ನು ನೂರಕ್ಕೆ ಎರಡರೊಳಗೆ ಇರಿಸುವುದು ಕ್ಷೇಮ, ಮೂರನ್ನಂತೂ ದಾಟಕೂಡದು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಅದೇ ಡಿಜೈರಿಗೆ 195/55 R16 ಅಳತೆಯನ್ನು ಅಂಗಡಿಯವರು ಸೂಚಿಸಿದರೆ ಲೆಕ್ಕ ತಪ್ಪಿತೆನ್ನುವಂತಿಲ್ಲ. ಅದರ ವ್ಯಾಸ 620.9. ಆದರೆ ರಿಮ್ಮಿಗೂ ನೆಲಕ್ಕೂ ನಡುವೆ ನಿಲ್ಲುವ ರಬ್ಬರಿನ ಎತ್ತರ 14 ಅಂಗುಲದ ಟೈರಿನಲ್ಲಿ 132 ಮಿಲಿಮೀಟರ್ ಇದ್ದದ್ದು, 15ರಲ್ಲಿ 120ಕ್ಕೆ, 16ರಲ್ಲಿ 107ಕ್ಕೆ ಇಳಿಯುತ್ತದೆ. ಕಬ್ಬಿಣದ ಪಟ್ಟಿಯ ಗಾಡಿಯನ್ನೂ ಅನಂತರ ಬಂದ ಟೈರು ಗಾಡಿಯನ್ನೂ ಹೂಡಿದ ಹಿರಿಯರಿಗೆ, ಗಾಳಿ ತುಂಬಿದ ರಬ್ಬರು ಎತ್ತಿನ ಹೆಗಲಿಗೆ ಎಷ್ಟು ಸುಖ ಕೊಟ್ಟಿತೆಂಬುದನ್ನು ವಿವರಿಸಬೇಕಾಗಿಲ್ಲ. ತಿಪಟೂರಿನ ಹೆದ್ದಾರಿಯಲ್ಲಿ ಅಗಲವಾದ, ಗಿಡ್ಡ ಪಾರ್ಶ್ವದ ಟೈರು ತಿರುವುಗಳಲ್ಲಿ ಸ್ಥಿರವಾಗಿ ಹಿಡಿದು ಓಡುವುದು ನಿಜ. ಆದರೆ ಹೆದ್ದಾರಿಯನ್ನು ಬಿಟ್ಟು ತೋಟದ ಕಡೆ ತಿರುಗಿದ ಮೇಲೆ ಒಡೆದ ಕಾಂಕ್ರೀಟಿನ ಅಂಚು, ಮಣ್ಣು ಕೊಚ್ಚಿಹೋಗಿ ಎದ್ದು ನಿಂತ ಮೋರಿಯ ಬಾಯಿ, ಗರಿಯ ಮರೆಯಲ್ಲಿ ಕಾಣದ ಗುಂಡಿ ಇವೆಲ್ಲ ಎದುರಾಗುತ್ತವೆ. ಅಲ್ಲಿ ಗಿಡ್ಡ ಟೈರು ರಿಮ್ಮಿನ ಅಂಚಿಗೂ ಮೋರಿಯ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋದರೆ, ಒಳಗಿನ ದಾರಗಳು ತುಂಡಾಗಿ, ಮರುದಿನ ಪಾರ್ಶ್ವದಲ್ಲಿ ಹೆಬ್ಬೆರಳ ಗಾತ್ರದ ಗುಳ್ಳೆಯೊಂದು ಎದ್ದಿರುತ್ತದೆ. ಗುಳ್ಳೆ ಎದ್ದ ಟೈರಿಗೆ ದುರಸ್ತಿಯಿಲ್ಲ, ಅದನ್ನು ಎಸೆಯಲೇಬೇಕು. ಕಬ್ಬಿಣದ ಡಿಸ್ಕು ಬಾಗಿದರೆ ತಟ್ಟಿ ಸರಿಪಡಿಸುವುದುಂಟು. ಅಲಾಯ್ ಬಿರುಕುಬಿಟ್ಟರೆ ಅದನ್ನು ಬೆಸುಗೆ ಹಾಕಿಸಿ ನಂಬುವುದು ಪ್ರಾಣಕ್ಕೆ ಅಪಾಯ. ಆದುದರಿಂದ ತೋಟದ ಮನೆಯವರು 15 ಅಂಗುಲದಲ್ಲಿ ನಿಲ್ಲುವುದೇ ವಿವೇಕವೆಂದು ನನ್ನ ದೃಢವಾದ ಅಭಿಪ್ರಾಯ.

ರಿಮ್ಮನ್ನು ಆರಿಸುವಾಗ ನಾಲ್ಕು ಅಂಶಗಳನ್ನು ಪರೀಕ್ಷಿಸಬೇಕು. ಅಗಲ ಮೊದಲನೆಯದು: 185/65 R15 ಟೈರಿಗೆ 5ರಿಂದ 6.5 ಅಂಗುಲ ಅಗಲದ ರಿಮ್ಮು ಸಲ್ಲುತ್ತದೆ. ನಟ್ಟುಗಳ ವೃತ್ತ, ಅಂಗಡಿಯವರು ಪಿಸಿಡಿ ಎನ್ನುವುದು, ಎರಡನೆಯದು. ಡಿಜೈರಿಗೆ 4×100, ಅಂದರೆ 100 ಮಿಲಿಮೀಟರ್ ವೃತ್ತದಲ್ಲಿ ನಾಲ್ಕು ನಟ್ಟು. ನಡುವಿನ ರಂಧ್ರ ಮೂರನೆಯದು: ಡಿಜೈರಿನ ಹಬ್ಬು 54.1 ಮಿಲಿಮೀಟರ್, ಹೋಂಡಾ ಸಿಟಿಯದು 56.1, ಹೊರಗೆ ಕೊಳ್ಳುವ ಅಲಾಯ್‌ಗಳ ರಂಧ್ರ ಬಹುಮಟ್ಟಿಗೆ ದೊಡ್ಡದಾಗಿರುವುದರಿಂದ ನಡುವೆ ಹಬ್ ರಿಂಗ್ ತೊಡಿಸಬೇಕು, ಇಲ್ಲವಾದರೆ ಚಕ್ರವು ನಟ್ಟ ನಡುವೆ ಕೂರದೆ ವೇಗದಲ್ಲಿ ಸ್ಟೀರಿಂಗು ನಡುಗೀತು. ನಾಲ್ಕನೆಯದು ಆಫ್‌ಸೆಟ್, ರಿಮ್ಮಿನ ಹಿಂಬದಿಯಲ್ಲಿ ಇ.ಟಿ. ಎಂಬ ಅಕ್ಷರಗಳ ಮುಂದಿರುವ ಈ ಅಂಕಿ ಮೂಲಕ್ಕಿಂತ ಬಹಳ ಕಡಿಮೆಯಾದರೆ ಚಕ್ರ ಹೊರಕ್ಕೆ ಚಾಚಿ ಬೇರಿಂಗಿಗೆ ಭಾರ ಬೀಳುತ್ತದೆ, ಹೆಚ್ಚಾದರೆ ಒಳಗಿನ ಸಸ್ಪೆನ್ಷನ್ನಿಗೆ ಉಜ್ಜುತ್ತದೆ. ನಟ್ಟುಗಳನ್ನೂ ಮರೆಯಬಾರದು: ಹೋಂಡಾದ ಮೂಲ ನಟ್ಟಿನ ತಳ ಗುಂಡಗಿರುತ್ತದೆ, ಹೊರಗಿನ ಅಲಾಯ್‌ಗೆ ಬಹುಶಃ ಇಳಿಜಾರು ತಳದ್ದು ಬೇಕಾಗುತ್ತದೆ.

ಟೈರಿನ ಭಾರದ ಸಂಕೇತ ಚೀಟಿಯಲ್ಲಿರುವುದಕ್ಕಿಂತ ಕಡಿಮೆಯಾಗಕೂಡದು. ಡಿಕ್ಕಿಯಲ್ಲಿ ತೆಂಗಿನಕಾಯಿಯ ಚೀಲ ಹೇರುವವರಿಗೆ ಈ ಮಾತು ಇಮ್ಮಡಿ ಅನ್ವಯ. ಪಾರ್ಶ್ವದ ಮೇಲಿನ ಐ.ಎಸ್.ಐ. ಗುರುತನ್ನೂ ತಯಾರಿಕೆಯ ನಾಲ್ಕು ಅಂಕಿಗಳನ್ನೂ ನೋಡಬೇಕು: 3224 ಎಂದರೆ 2024ರ 32ನೆಯ ವಾರ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ವಾಹನದ ಮಾರ್ಪಾಡನ್ನು ನಿರ್ಬಂಧಿಸುವುದರಿಂದ, ಕಂಪನಿಯೇ ಆ ಮಾದರಿಗೆ ಕೊಟ್ಟ ಇನ್ನೊಂದು ಅಳತೆಯನ್ನು ಆರಿಸಿ, ವಿಮೆಯವರಿಗೆ ಲಿಖಿತವಾಗಿ ತಿಳಿಸಿದರೆ ತಕರಾರಿಗೆ ಎಡೆಯಿರದು.

ನಾಲ್ಕು ಚಕ್ರಗಳಿಗೂ ಹಣ ಕೊಡುವ ಮೊದಲು ಮುಂದಿನ ಮತ್ತು ಹಿಂದಿನ ಒಂದೊಂದು ಚಕ್ರವನ್ನು ತೊಡಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ಣವಾಗಿ ತಿರುಗಿಸಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸುತ್ತಲೂ ಬೆರಳಾಡುವುದೇ ಎಂದು ನೋಡಬೇಕು. ನಟ್ಟುಗಳನ್ನು ಎದುರುಬದುರಾಗಿ ಬಿಗಿಸಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ, ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿತವನ್ನು ಪರೀಕ್ಷಿಸಬೇಕು. ಹೊಸ ಅಲಾಯ್‌ನಲ್ಲಿ ನಟ್ಟು ಸ್ವಲ್ಪ ಸಡಿಲುವುದುಂಟು. ಗಾಳಿಯನ್ನು ಬೆಳಗಿನ ಹೊತ್ತು, ಕಾರು ಓಡಿ ಟೈರು ಕಾಯುವುದಕ್ಕೆ ಮುನ್ನ ಅಳೆಸಬೇಕು, ಸ್ಟೆಪ್ನಿಯದನ್ನೂ ಸೇರಿಸಿ.